ಅಪ್ಪಯ್ಯನ ಕಾರಿನ ಸೆಲ್ಫ್ ಮೋಟರು

ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳು ಉರಿಯುತ್ತವೆ, ಹಾರ್ನ್ ಎಂದಿನಂತೆ ಕೂಗುತ್ತದೆ, ವೈಪರ್ ಓಡುತ್ತದೆ. ಎಂಜಿನ್ ಮಾತ್ರ ಮಿಸುಕುವುದಿಲ್ಲ. ಇನ್ನೆರಡು ಸಲ ತಿರುಗಿಸಿದರೆ ಏನೂ ಆಗಿರಲೇ ಇಲ್ಲವೆಂಬಂತೆ ಒಂದೇ ಏಟಿಗೆ ಸ್ಟಾರ್ಟ್. ನಾಲ್ಕು ದಿನ ಸರಿಯಾಗಿದ್ದು ಐದನೆಯ ದಿನ ಮತ್ತೆ ಅದೇ ಮೌನ. ಪೂರ್ತಿ ಕೆಟ್ಟು ನಿಂತ ವಸ್ತುವನ್ನು ಹುಡುಕುವುದು ಸುಲಭ. ಹೀಗೆ ಬಂದು ಹೋಗುವ ಕಾಯಿಲೆಯನ್ನು ಬಂದ ಹೊತ್ತಿಗೇ ಹಿಡಿಯಬೇಕು. ಅದಕ್ಕೆ ನನಗೆ ಎರಡು ವಾರ ಬೇಕಾಯಿತು.

ಕಾರು ಅಪ್ಪಯ್ಯನದು. 2006ರಲ್ಲಿ ಕೊಂಡ, ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಪೆಟ್ರೋಲ್ ಕಾರು. ಸಾಗರ ತಾಲ್ಲೂಕಿನ ಹತ್ತೊಂಬತ್ತು ಮಳೆಗಾಲಗಳನ್ನು ಕಂಡಿದೆ. ನಮ್ಮ ಮನೆ ದರೆಯ ಮೇಲಿದೆ, ಅಂಗಳದಿಂದ ರಸ್ತೆಗೆ ಒಳ್ಳೆಯ ಇಳಿಜಾರು. ಹಾಗಾಗಿ ಸೆಲ್ಫ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರು, ಹೊಡೆಯದಿದ್ದ ದಿನ ಅಪ್ಪಯ್ಯ ಹ್ಯಾಂಡ್‌ಬ್ರೇಕ್ ಬಿಟ್ಟು, ಎರಡನೆಯ ಗೇರಿಗೆ ಹಾಕಿ, ಅರ್ಧ ಇಳಿಜಾರಿನಲ್ಲಿ ಕ್ಲಚ್ ಬಿಡುತ್ತಿದ್ದರು. ಮನೆಯವರಿಗೆ ಇದೊಂದು ತೊಂದರೆಯೆಂದೇ ಅನ್ನಿಸಿರಲಿಲ್ಲ. ಆದರೆ ಜುಲೈ ಮೊದಲ ವಾರ ಅಡಿಕೆ ಮಂಡಿಯ ಮುಂದೆ, ಸಮತಟ್ಟಾದ ಜಾಗದಲ್ಲಿ ಕಾರು ನಿಂತೇ ಬಿಟ್ಟಿತು. ಸುರಿಯುವ ಮಳೆಯಲ್ಲಿ ನಾಲ್ಕು ಜನ ಹಮಾಲರು ತಳ್ಳಿ ಸ್ಟಾರ್ಟ್ ಮಾಡಿಸಿ ಕಳಿಸಿದರಂತೆ. ಅಪ್ಪಯ್ಯ ಇದನ್ನು ಮನೆಯಲ್ಲಿ ಹೇಳಲಿಲ್ಲ. ಭಾವ ಫೋನ್ ಮಾಡಿದಾಗ ಗೊತ್ತಾಯಿತು. ಎಪ್ಪತ್ತೆರಡು ವರ್ಷದವರು ಮಳೆಯಲ್ಲಿ ಹಾಗೆ ನಿಂತಿದ್ದರೆಂಬುದು ನನ್ನನ್ನು ಬಹಳ ಕಾಡಿತು.

ಅದಕ್ಕೆ ಮುಂಚೆಯೇ ಒಂದು ಹೊಸ ಬ್ಯಾಟರಿ ಬಂದಾಗಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಮೀಟರ್ ಹಿಡಿಯದೆಯೇ ಬ್ಯಾಟರಿ ಹೋಗಿದೆ ಎಂದಿದ್ದರು, ಅಪ್ಪಯ್ಯ ಕೊಂಡು ಹಾಕಿಸಿದ್ದರು. ಹದಿನೈದು ದಿನ ತೊಂದರೆ ಕೊಡಲಿಲ್ಲ. ಆಮೇಲೆ ಮತ್ತೆ ಶುರು. ಎರಡನೆಯ ಸಲ ಹೋದಾಗ ಕೀಲಿಯ ಸ್ವಿಚ್ ಬದಲಿಸೋಣ ಎಂದರು. ಅಲ್ಲಿಗೆ ನಾನು ಬೇಡವೆಂದೆ. ಒಂದು ಭಾಗ ಕೆಟ್ಟಿದೆಯೆಂದು ತೋರಿಸಿ ಆಮೇಲೆ ಬದಲಿಸುವುದು ಬೇರೆ. ಬದಲಿಸುತ್ತ ಹೋಗಿ ಯಾವುದು ಕೆಟ್ಟಿತ್ತೆಂದು ತಿಳಿಯುವುದು ಬೇರೆ. ಎರಡನೆಯ ದಾರಿಯ ಖರ್ಚನ್ನೆಲ್ಲ ಕಾರಿನ ಯಜಮಾನ ಹೊರುತ್ತಾನೆ.

ಕೆಲಸಕ್ಕೆ ಕೈ ಹಾಕುವ ಮೊದಲು ಸೆಲ್ಫ್ ಮೋಟರು ಹೇಗೆ ಕೆಲಸ ಮಾಡುತ್ತದೆಂದು ಹೇಳಿಬಿಡುತ್ತೇನೆ, ಏಕೆಂದರೆ ಕೊನೆಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ. ಬ್ಯಾಟರಿಯಿಂದ ದಪ್ಪ ಕೇಬಲ್ ನೇರವಾಗಿ ಸೆಲ್ಫಿನ ಬೆನ್ನ ಮೇಲಿರುವ ಸೊಲೆನಾಯ್ಡಿಗೆ ಬರುತ್ತದೆ. ಆ ಬೋಲ್ಟಿಗೆ 30 ಎಂದು ಹೆಸರು. ಅಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಕೀಲಿಯಿಂದ ಬರುವ ಸಣ್ಣ ತಂತಿ 50 ಎಂಬ ಟರ್ಮಿನಲ್ಲಿಗೆ ಸೇರುತ್ತದೆ. ಮೂರನೆಯ ಬೋಲ್ಟಿನಿಂದ ಒಂದು ಗಿಡ್ಡ ತಂತಿ ಮೋಟರಿನೊಳಕ್ಕೆ ಹೋಗುತ್ತದೆ. ಕೀಲಿ ತಿರುಗಿಸಿದಾಗ ಸೊಲೆನಾಯ್ಡಿನೊಳಗಿನ ಸುರುಳಿ ಒಂದು ಕಬ್ಬಿಣದ ಗೂಟವನ್ನು ಒಳಕ್ಕೆ ಎಳೆಯುತ್ತದೆ. ಆ ಗೂಟ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಫೋರ್ಕ್ ತಳ್ಳಿ ಬೆಂಡಿಕ್ಸಿನ, ಅಂದರೆ ಮೋಟರಿನ ತುದಿಯ ಸಣ್ಣ ಗೇರಿನ, ಹಲ್ಲನ್ನು ಎಂಜಿನ್ನಿನ ಫ್ಲೈವೀಲಿನ ಸುತ್ತ ಇರುವ ರಿಂಗ್ ಗೇರಿಗೆ ಕೂರಿಸುತ್ತದೆ. ಇನ್ನೊಂದು ಕಡೆ ತಾಮ್ರದ ಬಿಲ್ಲೆಯನ್ನು ಒತ್ತಿ 30ರ ಬೋಲ್ಟನ್ನೂ ಮೋಟರಿನ ಬೋಲ್ಟನ್ನೂ ಸೇರಿಸುತ್ತದೆ. ನಮಗೆ ಕೇಳುವ 'ಟಕ್' ಎಂಬ ಸದ್ದು ಅದೇ. ಆಗ ನೂರರ ಆಸುಪಾಸು ಆಂಪಿಯರ್ ಹರಿದು ಎಂಜಿನ್ ತಿರುಗುತ್ತದೆ. ಹೆಡ್‌ಲೈಟಿನ ಒಂದು ಬಲ್ಬಿಗೆ ಬೇಕಾದದ್ದು ಐದು ಆಂಪಿಯರ್ ಮಾತ್ರ. ದೀಪ ಉರಿಯಿತು, ಹಾರ್ನ್ ಹೊಡೆಯಿತು ಎಂದ ಮಾತ್ರಕ್ಕೆ ಬ್ಯಾಟರಿಯಾಗಲೀ ಕೇಬಲ್ಲಾಗಲೀ ಸೆಲ್ಫಿಗೆ ಸಾಕಷ್ಟು ಗಟ್ಟಿಯಾಗಿದೆ ಎಂದು ಹೇಳಲಾಗದು.

ಜುಲೈ 20, ಭಾನುವಾರ. ಮಗಳನ್ನು ಸೀಟಿನಲ್ಲಿ ಕೂರಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಹಿಂದಿನ ಗಾಲಿಗಳಿಗೆ ಜಂಬಿಟ್ಟಿಗೆ ಕಲ್ಲು ಅಡ್ಡ. ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಲೆಂದು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟೆ. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲಿಗೆ ಒಮ್ಮೆ ಸ್ಟಾರ್ಟ್ ಆಗಿ ನಿಂತಿತು, ಆಮೇಲೆ ಹೇಳಿದಂತೆ ಕೇಳಿತು. "ಅಪ್ಪಾ, ಈಗ?" ಎಂದು ಅವಳು ಕೇಳುವುದು, ನಾನು "ಹೊಡಿ" ಎನ್ನುವುದು, ಐದು ಸೆಕೆಂಡಿಗೆ "ಸಾಕು" ಎನ್ನುವುದು. ಒಂದೇ ಸಮನೆ ಸೆಲ್ಫ್ ಹೊಡೆಯುತ್ತಿದ್ದರೆ ಮೋಟರು ಸುಡುತ್ತದೆ. ಪ್ರತಿ ಸಲಕ್ಕೂ ಒಂದೆರಡು ನಿಮಿಷ ಬಿಡುವು ಕೊಟ್ಟೆ.

ಸುಮ್ಮನೆ ನಿಂತಿದ್ದಾಗ ಬ್ಯಾಟರಿ 12.64 ವೋಲ್ಟ್. ಇದು ತುಂಬಿದ ಬ್ಯಾಟರಿಯ ಲೆಕ್ಕ. ಸೆಲ್ಫ್ ತಿರುಗುವಾಗ 10.3. ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಸಂಶಯ ಪಡಬೇಕು. ನಮ್ಮದು ಕುಸಿಯಲಿಲ್ಲ. ಮುಂದಿನದು ಕೇಬಲ್ಲುಗಳ ಪರೀಕ್ಷೆ, ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದದ್ದು ಎಂದು ನನ್ನ ನಂಬಿಕೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದನ್ನು ಸೆಲ್ಫಿನ 30ರ ಬೋಲ್ಟಿಗೆ ಹಿಡಿದು ಸೆಲ್ಫ್ ಹೊಡೆಸಬೇಕು. ಒಂದೇ ಕೇಬಲ್ಲಿನ ಎರಡು ತುದಿಗಳಾದ್ದರಿಂದ ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟು ದಾಟಬಾರದು. ಅಲ್ಲಿ 0.24 ಬಂತು, ಸರಿಯಾಗಿದೆ. ಬಳಿಕ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಹಿಡಿದೆ. 0.87! ಅದು ಕಾಲು ವೋಲ್ಟಿನ ಒಳಗಿರಬೇಕಿತ್ತು. ಬ್ಯಾಟರಿ ಕೊಡುತ್ತಿದ್ದ 10.3ರಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿ, ಮೋಟರಿನ ಪಾಲಿಗೆ 9.2ರಷ್ಟು ಮಾತ್ರ ಉಳಿಯುತ್ತಿತ್ತು.

ಬ್ಯಾಟರಿಯ ಮೈನಸ್ಸಿನಿಂದ ಹೊರಡುವ ಅರ್ಥ್ ಕೇಬಲ್ಲಿನ ಜಾಡು ಹಿಡಿದು ಹೋದೆ. ಗೇರ್‌ಬಾಕ್ಸಿಗೆ ಬೋಲ್ಟ್ ಹಾಕಿದ ಜಾಗ ಕೆಂಪು ಕೆಸರಿನಲ್ಲಿ ಮುಚ್ಚಿಹೋಗಿತ್ತು. ಕೆರೆದು ತೆಗೆದರೆ ಕೇಬಲ್ಲಿನ ಕಿವಿಯ ಸುತ್ತ ಹಸಿರು ಕಿಲುಬು, ಅದರ ಕೆಳಗೆ ಅಲ್ಯೂಮಿನಿಯಮ್ಮಿನ ಬಿಳಿ ಹುಡಿ. ಬೋಲ್ಟ್ ಬಿಚ್ಚಿ, ಎರಡೂ ಮುಖಗಳನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಬಿಗಿಯಾಗಿ ಕೂರಿಸಿ, ಮೇಲಿನಿಂದ ವ್ಯಾಸಲೀನ್ ಬಳಿದೆ. ಮತ್ತೆ ಅಳೆದಾಗ 0.13. ಮೋಟರಿನ ಸದ್ದೇ ಬದಲಾಗಿತ್ತು, ತಿರುಗುವ ವೇಗ ಕಿವಿಗೇ ತಿಳಿಯುತ್ತಿತ್ತು. ಕಾಯಿಲೆ ಸಿಕ್ಕಿತೆಂದು ಅಪ್ಪಯ್ಯನಿಗೆ ಕೀಲಿ ಕೊಟ್ಟೆ.

ಬುಧವಾರ ಬೆಳಗ್ಗೆ ಮತ್ತೆ ಸದ್ದಿಲ್ಲ.

ಅರ್ಥಿನ ದೋಷ ನಿಜವಾದದ್ದೇ, ಆದರೆ ಈ ಮೌನಕ್ಕೆ ಅದು ಕಾರಣವಾಗಿರಲಿಲ್ಲ. ಸ್ವಲ್ಪ ಯೋಚಿಸಿದ್ದರೆ ಅಂದೇ ತಿಳಿಯುತ್ತಿತ್ತು. ವೋಲ್ಟೇಜ್ ಸಾಲದೆ ಹೋದರೆ ಸೊಲೆನಾಯ್ಡ್ ಸುಮ್ಮನಿರುವುದಿಲ್ಲ, 'ಟಕಟಕಟಕ' ಎಂದು ಬಡಿದುಕೊಳ್ಳುತ್ತದೆ. ಬಿಲ್ಲೆ ತಾಗಿದ ಕೂಡಲೇ ಮೋಟರು ಕರೆಂಟನ್ನೆಲ್ಲ ಎಳೆದುಕೊಂಡು ವೋಲ್ಟೇಜ್ ಕುಸಿಯುತ್ತದೆ, ಗೂಟ ಹಿಂದೆ ಸರಿಯುತ್ತದೆ. ಸರಿದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ನಮ್ಮಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಬುಧವಾರ ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿದೆ; ಎದುರಿನ ಕೊಟ್ಟಿಗೆಯ ಗೋಡೆಯ ಮೇಲೆ ಬಿದ್ದ ಬೆಳಕು ಒಂದಿಷ್ಟೂ ಮಂಕಾಗಲಿಲ್ಲ. ಅಂದರೆ ಮೋಟರು ಕರೆಂಟ್ ಎಳೆಯುತ್ತಿಲ್ಲ, ಎಲ್ಲೋ ದಾರಿಯೇ ಕಡಿದಿದೆ.

ಹಾಗಾದರೆ ಎರಡೇ ಸಾಧ್ಯತೆಗಳು. ಕೀಲಿಯ ಅಪ್ಪಣೆ 50ರವರೆಗೆ ಬರುತ್ತಿಲ್ಲ. ಅಥವಾ ಬಂದರೂ ಸೆಲ್ಫ್ ಅದನ್ನು ಪಾಲಿಸುತ್ತಿಲ್ಲ. ತಪ್ಪುವ ಕ್ಷಣದಲ್ಲಿ ಅಲ್ಲಿ ಮೀಟರ್ ಹಿಡಿದರೆ ತಿಳಿಯುತ್ತದೆ. ಆದರೆ ಅದು ತಪ್ಪುವುದು ಮಂಡಿಯ ಮುಂದೆ, ದೇವಸ್ಥಾನದ ಬಾಗಿಲಲ್ಲಿ, ನಾನಿಲ್ಲದ ಕಡೆ. ಬಾನೆಟ್ ತೆರೆದು ಅಲುಗಾಡಿಸುವಷ್ಟರಲ್ಲಿ ಸರಿಯಾಗಿಬಿಡುತ್ತದೆ.

ಅದಕ್ಕೆ ಒಂದು ಉಪಾಯ ಮಾಡಿದೆ. 50ರ ಟರ್ಮಿನಲ್ಲಿನಿಂದ ಒಂದು ಸಣ್ಣ ತಂತಿಯನ್ನು ಕವಲು ತೆಗೆದು, ಬುಡದಲ್ಲೇ ಎರಡು ಆಂಪಿಯರಿನ ಫ್ಯೂಸ್ ಹಾಕಿ, ಬಾನೆಟ್ಟಿನ ಸಂದಿನಿಂದ ಕಿಟಕಿಯ ಮೂಲಕ ಒಳಕ್ಕೆ ಎಳೆದೆ. ತುದಿಗೆ 12 ವೋಲ್ಟಿನ, 5 ವ್ಯಾಟಿನ ಪುಟ್ಟ ಬಲ್ಬು. ಅದನ್ನು ಸ್ಟೀರಿಂಗಿನ ಪಕ್ಕ ಟೇಪಿನಿಂದ ಅಂಟಿಸಿದೆ. ಕೀಲಿಯನ್ನು ಸ್ಟಾರ್ಟಿಗೆ ತಿರುಗಿಸಿ ಹಿಡಿದಷ್ಟು ಹೊತ್ತು ಅದು ಉರಿಯಬೇಕು. ಅಪ್ಪಯ್ಯನಿಗೆ ಹೇಳಿದೆ: "ಪ್ರತಿ ಸಲ ದೀಪ ನೋಡಿ. ಸ್ಟಾರ್ಟ್ ಆಗದಿದ್ದಾಗ ದೀಪ ಇತ್ತೋ ಇಲ್ಲವೋ ಅಷ್ಟೇ ನನಗೆ ಬೇಕು." ಅವರು ಅಡಿಕೆಯ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಗೆರೆ ಎಳೆದರು. ದಿನಾಂಕ, ಜಾಗ, ಆಯಿತು ಅಥವಾ ಇಲ್ಲ, ದೀಪ. ರಾಶಿ ಇಡಿ, ಗೊರಬಲು, ಚಾಲಿಯ ದರಗಳನ್ನು ಬರೆಯುವಷ್ಟೇ ಅಚ್ಚುಕಟ್ಟಾಗಿ ಬರೆದರು.

ಜುಲೈ 24ರಿಂದ ಆಗಸ್ಟ್ 1ರವರೆಗೆ 31 ಸಲ ಕೀಲಿ ತಿರುಗಿದೆ. 6 ಸಲ ಸದ್ದಿಲ್ಲ. ಆರೂ ಸಾಲುಗಳ ಕೊನೆಯಲ್ಲಿ ಅಪ್ಪಯ್ಯನ ಅಕ್ಷರದಲ್ಲಿ ಒಂದೇ ಮಾತು: ದೀಪ ಇದೆ. ಎರಡು ಕಡೆ 'ಚೆನ್ನಾಗಿ ಇದೆ' ಎಂದೂ ಸೇರಿಸಿದ್ದರು. ಕೀಲಿಯ ಸ್ವಿಚ್ಚು, ಅದರ ವೈರಿಂಗು ಎರಡೂ ನಿರಪರಾಧಿಗಳೆಂದು ಆ ಹಾಳೆಯೇ ಹೇಳಿತು. ಜುಲೈ 29ರ ಸಾಲು ಮನೆಯ ಅಂಗಳದ್ದು. ಆಗ ನಾನೇ ಇದ್ದೆ. ಕೀಲಿ ಹಿಡಿದಿರುವಂತೆಯೇ 50ರಲ್ಲಿ ಮೀಟರ್ ಇಟ್ಟೆ, 11.9 ವೋಲ್ಟ್. ಸುತ್ತಿಗೆಯ ಮರದ ಹಿಡಿಯಿಂದ ಸೆಲ್ಫಿನ ಮೈಗೆ ಮೆಲ್ಲನೆ ಎರಡು ಸಲ ತಟ್ಟಿದೆ. ಕೂಡಲೇ ತಿರುಗಿತು. ತಟ್ಟುವಾಗ ಜೋರು ಬೇಡ: ಎಷ್ಟೋ ಸೆಲ್ಫುಗಳ ಗೋಡೆಗೆ ಒಳಗಿನಿಂದ ಅಯಸ್ಕಾಂತದ ಹಲಗೆಗಳನ್ನು ಅಂಟಿಸಿರುತ್ತಾರೆ, ಬಲವಾದ ಏಟಿಗೆ ಅವು ಪಿಂಗಾಣಿಯಂತೆ ಒಡೆಯುತ್ತವೆ.

ತಟ್ಟಿದರೆ ಎಚ್ಚರಗೊಳ್ಳುವ ಸೆಲ್ಫೆಂದರೆ ಸಾಮಾನ್ಯವಾಗಿ ಕಾರ್ಬನ್ ಸವೆದಿದೆ ಎಂದು ಅರ್ಥ. ಆದರೆ ನನಗೊಂದು ಅನುಮಾನ ಉಳಿದಿತ್ತು. ಕಾರ್ಬನ್ ಇರುವುದು ಮೋಟರಿನಲ್ಲಿ, ಅದರ ತಿರುಗುವ ಭಾಗವಾದ ಆರ್ಮೇಚರಿಗೆ ಒತ್ತಿ ನಿಂತು ಕರೆಂಟ್ ಮುಟ್ಟಿಸುವ ತುಂಡು ಅದು. ಅದು ಸವೆದರೆ ಮೋಟರು ತಿರುಗಬಾರದು, ಸರಿ. ಸೊಲೆನಾಯ್ಡಿನ 'ಟಕ್' ಏಕೆ ಕೇಳಬಾರದು? ರಾತ್ರಿ ಕಾಗದದ ಮೇಲೆ ಸರ್ಕ್ಯೂಟ್ ಬರೆದು ನೋಡಿದಾಗ ಬಿಡಿಸಿಕೊಂಡಿತು. ಸೊಲೆನಾಯ್ಡಿನಲ್ಲಿ ಸುರುಳಿ ಒಂದಲ್ಲ, ಎರಡು. ಗೂಟವನ್ನು ದೂರದಿಂದ ಎಳೆಯುವ ದಪ್ಪ ಸುರುಳಿ ಒಂದು; ಬಂದ ಮೇಲೆ ಹಿಡಿದುಕೊಂಡಿರುವ ತೆಳು ಸುರುಳಿ ಇನ್ನೊಂದು. ಹಿಡಿಯುವ ಸುರುಳಿಗೆ ಅರ್ಥ್ ಸಿಗುವುದು ಸೊಲೆನಾಯ್ಡಿನ ಮೈಯಿಂದಲೇ. ಎಳೆಯುವ ಸುರುಳಿಗೆ ಹಾಗಲ್ಲ. ಅದರ ಇನ್ನೊಂದು ತುದಿ ಮೋಟರಿನ ಬೋಲ್ಟಿಗೆ ಸೇರಿದೆ. ಅಲ್ಲಿಂದ ಕಾರ್ಬನ್, ಆರ್ಮೇಚರ್, ಮತ್ತೊಂದು ಕಾರ್ಬನ್ ದಾಟಿಯೇ ಅರ್ಥ್ ತಲುಪಬೇಕು. ಬಿಲ್ಲೆ ತಾಗಿದ ಮೇಲೆ ಎರಡು ತುದಿಯಲ್ಲೂ ಒಂದೇ ವೋಲ್ಟೇಜಾಗಿ ಆ ಸುರುಳಿ ತಾನಾಗಿಯೇ ಸುಮ್ಮನಾಗಲಿ ಎಂದು ಹಾಗೆ ಮಾಡಿದ್ದಾರೆ. ಎಷ್ಟು ಜಾಣ ಏರ್ಪಾಡು! ಆದರೆ ಕಾರ್ಬನ್ ತಾಗದಿದ್ದರೆ ಎಳೆಯುವ ಸುರುಳಿಗೆ ದಾರಿಯೇ ಇಲ್ಲ. ಹಿಡಿಯುವ ಸುರುಳಿ ಒಂದರಿಂದಲೇ ಗೂಟ ಅಷ್ಟು ದೂರದಿಂದ ಬರುವುದಿಲ್ಲ. ಆದ್ದರಿಂದಲೇ ಪೂರ್ತಿ ಮೌನ. 'ಟಕ್' ಇಲ್ಲ, ಆದ್ದರಿಂದ ಕೀಲಿಯ ಕಡೆಯೇ ದೋಷ ಎಂದು ನಂಬಿ ಸ್ವಿಚ್ ಬದಲಿಸಿದ್ದರೆ ಆ ಹಣವೂ ಬ್ಯಾಟರಿಯ ಹಣದ ಹಿಂದೆಯೇ ಹೋಗುತ್ತಿತ್ತು.

ಶನಿವಾರ ಸಂಜೆ ಸೆಲ್ಫಿನ ಎರಡು ಬೋಲ್ಟುಗಳಿಗೂ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ನೆನೆಯಲು ಬಿಟ್ಟೆ. ಆಗಸ್ಟ್ 3, ಭಾನುವಾರ ಬೆಳಗ್ಗೆ, ಕಾರನ್ನು ಅಡಿಕೆ ಬೇಯಿಸುವ ಒಲೆಯ ಪಕ್ಕದ ಶೀಟಿನ ಮಾಡಿನ ಕೆಳಗೆ, ಸಿಮೆಂಟಿನ ನೆಲದ ಮೇಲೆ ನಿಲ್ಲಿಸಿದೆ. ಮುಂಭಾಗ ಜಾಕಿಯಲ್ಲಿ ಎತ್ತಿ, ಎರಡು ಜಾಕ್ ಸ್ಟ್ಯಾಂಡುಗಳ ಮೇಲೆ ಇಳಿಸಿದೆ. ಕಾರಿನ ಕೆಳಗೆ ನುಸುಳುವವರು ಬರೀ ಜಾಕಿಯನ್ನು ಎಂದೂ ನಂಬಬಾರದು; ಕಲ್ಲನ್ನೂ ನಂಬಬಾರದು, ಜಂಬಿಟ್ಟಿಗೆ ಹೇಳದೆ ಕೇಳದೆ ಸೀಳುತ್ತದೆ. ಸ್ಟ್ಯಾಂಡ್ ಕೂತ ಮೇಲೆ ಕಾರನ್ನು ಎರಡೂ ಕೈಗಳಿಂದ ಚೆನ್ನಾಗಿ ಅಲುಗಿಸಿ ನೋಡಿಯೇ ಒಳಗೆ ಹೋದೆ.

ಮೊದಲ ಕೆಲಸ ಬ್ಯಾಟರಿಯ ಮೈನಸ್ ಬಿಚ್ಚುವುದು. 30ರ ಬೋಲ್ಟಿಗೆ ಫ್ಯೂಸ್ ಇಲ್ಲ. ಸ್ಪ್ಯಾನರಿನ ಒಂದು ತುದಿ ಅಲ್ಲಿ, ಇನ್ನೊಂದು ತುದಿ ಎಂಜಿನ್ನಿಗೆ ತಾಗಿದರೆ ಸ್ಪ್ಯಾನರ್ ಅಲ್ಲೇ ಬೆಸುಗೆಯಾಗುತ್ತದೆ, ಕೈ ಸುಡುತ್ತದೆ. ಬಳಿಕ ತಂತಿಗಳ ಫೋಟೊ ತೆಗೆದುಕೊಂಡು, 50ರ ತಂತಿಯ ಚಿಮುಟ ಎಳೆದು, ರಬ್ಬರ್ ಟೋಪಿ ಸರಿಸಿ, 12ರ ಸಾಕೆಟ್ಟಿನಿಂದ 30ರ ನಟ್ ಬಿಚ್ಚಿದೆ. ಕೆಳಗಿನ ಬೋಲ್ಟ್ 14ರ ರಿಂಗ್ ಸ್ಪ್ಯಾನರಿಗೆ ಒಂದೇ ಎಳೆತಕ್ಕೆ ಬಂತು.

ಮೇಲಿನದು ಬರಲಿಲ್ಲ. ಮೇಲಿನಿಂದ ಕೈ ಹಾಕಿದರೆ ಕಾಣುವುದಿಲ್ಲ, ಕೆಳಗಿನಿಂದ ಕಾಣುತ್ತದೆ ಆದರೆ ಕೈ ಎಟುಕುವುದಿಲ್ಲ. ಓಪನ್ ಸ್ಪ್ಯಾನರಿನಲ್ಲಿ ಪ್ರಯತ್ನಿಸಿದರೆ ಮೂಲೆಗಳು ಮುರುಟಿ ಆ ಬೋಲ್ಟ್ ಅಲ್ಲಿಯೇ ಉಳಿಯುತ್ತಿತ್ತು. ಆರು ಮೂಲೆಯ ಸಾಕೆಟ್ಟು, ಉದ್ದ ಎಕ್ಸ್‌ಟೆನ್ಷನ್ ಹಾಕಿ, ಹಿಡಿಗೆ ತೋಟದ ಹಳೆಯ ನೀರಿನ ಪೈಪಿನ ಎರಡಡಿ ತುಂಡು ಸೇರಿಸಿದೆ. ಅಪ್ಪಯ್ಯ ಮೇಲಿನಿಂದ ಸಾಕೆಟ್ ಬೋಲ್ಟಿನ ತಲೆಯಿಂದ ಜಾರದಂತೆ ಬೆರಳಿನಲ್ಲಿ ಒತ್ತಿ ಹಿಡಿದರು. "ಒಮ್ಮೆಗೇ ಎಳೆಯಬೇಡ, ಕೊಂಚ ಬಿಗಿ ಮಾಡಿ ಆಮೇಲೆ ಸಡಿಲಿಸು" ಎಂದರು. ಹಾಗೆಯೇ ಮಾಡಿದೆ, ಬಿಗಿಯ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಹಿಂದಕ್ಕೆ. ಮೂರನೆಯ ಸಲಕ್ಕೆ ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಬೋಲ್ಟ್ ಮುರಿಯಿತೆಂದು ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ತುಕ್ಕು ಬಿಟ್ಟ ಸದ್ದು. ಕೊನೆಯ ಸುತ್ತುಗಳಲ್ಲಿ ಸೆಲ್ಫಿನ ಕೆಳಗೆ ಅಂಗೈ ಕೊಟ್ಟು ಹಿಡಿದೆ. ನಾಲ್ಕು ಕಿಲೋದಷ್ಟು ಕಬ್ಬಿಣ ಮುಖದ ಮೇಲೆಯೇ ತೂಗುತ್ತಿರುತ್ತದೆ.

ಕೈ ತೊಳೆದು ಕಾಫಿ ಕುಡಿಯುವಾಗ ಅಪ್ಪಯ್ಯ ಹ್ಯಾಂಡಲ್ ಹೊಡೆಯುತ್ತಿದ್ದ ಕಾಲದ ಮಾತು ತೆಗೆದರು. ಹಿಂದೆ ಊರಿನ ಒಂದು ಜೀಪಿಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕಿತ್ತು. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಚದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕೆಂದು ಅಜ್ಜ ಕಲಿಸಿದ್ದರಂತೆ, ಎಂಜಿನ್ ತಿರುಗಿ ಒದ್ದರೆ ಹೆಬ್ಬೆರಳು ಮುರಿಯದಿರಲಿ ಎಂದು. ಆ ಒದೆತಕ್ಕೆ ಕೈ ಮುರಿದುಕೊಂಡವರು ಲೋಕದಲ್ಲೆಲ್ಲ ಇದ್ದರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಹ್ಯಾಂಡಲ್ಲಿನ ಕಾಲ ಮುಗಿಯತೊಡಗಿತು. ಅಪ್ಪಯ್ಯ ಮಾತಾಡುತ್ತಲೇ ಸೆಲ್ಫನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದರು.

ಈಗ ಮೇಜಿನ ಮೇಲೆ ಸಾಬೀತು ಮಾಡುವ ಸಮಯ. ಮೀಟರನ್ನು ಓಮಿಗೆ ಇಟ್ಟು ಮೋಟರಿನ ತಂತಿಯಿಂದ ಮೈಗೆ ಹಿಡಿಯಬೇಕು. ಅದಕ್ಕೆ ಮೊದಲು ಆ ಗಿಡ್ಡ ತಂತಿಯನ್ನು ಸೊಲೆನಾಯ್ಡಿನ ಬೋಲ್ಟಿನಿಂದ ಬಿಡಿಸಲೇಬೇಕು. ಬಿಡಿಸದಿದ್ದರೆ ಎರಡು ಸುರುಳಿಗಳ ಮೂಲಕ ಸುತ್ತಿ ಬಂದು ಮೀಟರ್ ಒಂದೆರಡು ಓಮ್ ತೋರಿಸುತ್ತದೆ, ಮೋಟರು ಚೆನ್ನಾಗಿದೆ ಎಂದು ನಾವು ಮೋಸ ಹೋಗುತ್ತೇವೆ. ಬಿಡಿಸಿ ಹಿಡಿದೆ. ಮೀಟರಿನಲ್ಲಿ ಅಂಕಿಯೇ ಇಲ್ಲ, ಪೂರ್ತಿ ಕಡಿತ. ಸ್ಕ್ರೂಡ್ರೈವರಿನಿಂದ ಬೆಂಡಿಕ್ಸನ್ನು ಮೀಟಿ ಆರ್ಮೇಚರನ್ನು ಕಾಲು ಸುತ್ತು ತಿರುಗಿಸಿದೆ. ಅರ್ಧ ಓಮಿಗಿಂತ ಕಡಿಮೆ. ಇನ್ನೊಂದಿಷ್ಟು ತಿರುಗಿಸಿದೆ, ಮತ್ತೆ ಕಡಿತ. ಹದಿನೈದು ದಿನ ಆಟವಾಡಿಸಿದ ಕಾಯಿಲೆ ಮೇಜಿನ ಮೇಲೆ ಬೆರಳಿನ ತುದಿಯಲ್ಲಿ ಬಂದು ಹೋಗುತ್ತಿತ್ತು.

ಹಿಂದಿನ ಮುಚ್ಚಳ ತೆಗೆದಾಗ ಕಾಡಿಗೆಯಂಥ ಹುಡಿ ಸುರಿಯಿತು. ನಾಲ್ಕು ಕಾರ್ಬನ್ನುಗಳಲ್ಲಿ ಎರಡು 9 ಮಿಲಿಮೀಟರ್ ಉಳಿದಿದ್ದವು.  ಕರೆಂಟ್ ಒಳಬರುವ ಕಡೆಯ ಉಳಿದೆರಡೂ 5ಕ್ಕೆ ಇಳಿದು, ಅವುಗಳ ಹೆಣೆದ ತಾಮ್ರದ ಬಾಲ ಗೂಡಿನ ಅಂಚಿಗೆ ಬಂದು ಕೂತಿತ್ತು. ಸ್ಪ್ರಿಂಗ್ ಎಷ್ಟು ಒತ್ತಿದರೂ ಬಾಲ ಅಡ್ಡ ನಿಂತು ಕಾರ್ಬನ್ ಮುಂದೆ ಹೋಗದು. ಆರ್ಮೇಚರಿನಲ್ಲಿ ಕಾರ್ಬನ್ ತಾಗುವ ಜಾಗವಾದ ಕಮ್ಯುಟೇಟರಿನ ಎರಡು ಪಟ್ಟಿಗಳು ಕಿಡಿಗೆ ಸುಟ್ಟು ಕಪ್ಪಾಗಿ ಗುಳಿ ಬಿದ್ದಿದ್ದವು. ಆರ್ಮೇಚರ್ ಅಲ್ಲಿಯೇ ನಿಂತ ದಿನ ಕಾರ್ಬನ್ ತಾಗುತ್ತಿರಲಿಲ್ಲ.

ಕಾರ್ಬನ್ ಮಾತ್ರವಾಗಿದ್ದರೆ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಪೇಟೆಯ ಆಟೋ ಎಲೆಕ್ಟ್ರಿಷಿಯನ್ನರು ಒಂದು ಮಧ್ಯಾಹ್ನದಲ್ಲಿ ಹಾಕಿಕೊಡುತ್ತಾರೆ, ಅಷ್ಟೇ ಚೆನ್ನಾಗಿಯೂ ಇರುತ್ತದೆ. ಸೆಲ್ಫ್ ಕೆಟ್ಟಿತೆಂದ ಕೂಡಲೇ ಹೊಸದು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆರ್ಮೇಚರ್ ಹೊರತೆಗೆದಾಗ ಅದರ ಮೈಮೇಲೆ ಒಂದು ಕಡೆ ಕನ್ನಡಿಯಂತೆ ಹೊಳೆಯುವ ಉಜ್ಜಿದ ಗುರುತು ಕಂಡಿತು. ತುದಿಯನ್ನು ಹಿಡಿದಿರುವ ಬುಷ್ ಸವೆದು ಆರ್ಮೇಚರ್ ವಾಲಿ ಒಳಗೋಡೆಗೆ ಉಜ್ಜುತ್ತಿತ್ತು. ಬೆಂಡಿಕ್ಸಿನ ಹಲ್ಲುಗಳ ತುದಿಯೂ ಮೊಂಡಾಗಿತ್ತು. ಬುಷ್, ಕಾರ್ಬನ್, ಬೆಂಡಿಕ್ಸ್, ಕಮ್ಯುಟೇಟರನ್ನು ಲೇತಿನಲ್ಲಿ ತೆಳುವಾಗಿ ಕಡೆಸುವುದು, ಎಲ್ಲ ಸೇರಿದರೆ ಹೊಸದರ ಅರ್ಧಕ್ಕಿಂತ ಹೆಚ್ಚು. ಕಾರು ಓಡಿಸುವವರು ಅಪ್ಪಯ್ಯ, ಒಬ್ಬರೇ ಹೋಗುವವರು. ಹೊಸದೇ ಇರಲಿ ಎಂದು ನಿಶ್ಚಯಿಸಿದೆ.

ಸೋಮವಾರ ಹಳೆಯದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಸೆಲ್ಫ್ ಕೊಳ್ಳುವವರು ಹಳೆಯದನ್ನು ಜೊತೆಗೆ ಒಯ್ಯಲೇಬೇಕು. ಒಂದೇ ಮಾದರಿಯ ಕಾರಿಗೆ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಸೆಲ್ಫುಗಳು ಬಂದಿರುತ್ತವೆ. ಅಂಗಡಿಯ ಕಟ್ಟೆಯ ಮೇಲೆ ಎರಡನ್ನೂ ಜೋಡಿಯಾಗಿ ಇಟ್ಟು ಹಲ್ಲು ಎಣಿಸಿದೆ, ಎರಡರಲ್ಲೂ 8. ಬೋಲ್ಟ್ ತೂತುಗಳ ಅಂತರ, ಮೂತಿಯ ಉದ್ದ, 50ರ ಟರ್ಮಿನಲ್ಲಿನ ಆಕಾರ, ಮೈಮೇಲೆ ಬರೆದ 0.8 ಕಿಲೋವ್ಯಾಟ್, ಎಲ್ಲ ಹೊಂದಿತು. ಮೊದಲು ತೋರಿಸಿದ್ದರಲ್ಲಿ ಮೂತಿ ಎರಡು ಮಿಲಿಮೀಟರ್ ಉದ್ದವಿತ್ತು. ಅದನ್ನು ಹಾಕಿದ್ದರೆ ಹಲ್ಲುಗಳು ಸರಿಯಾಗಿ ಕೂರುತ್ತಿರಲಿಲ್ಲ.

ಜೋಡಿಸುವ ಮೊದಲು ಸೆಲ್ಫ್ ಕೂರುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ರಿಂಗ್ ಗೇರ್ ನೋಡಿದೆ. ಗಾಲಿಗಳು ನೆಲಕ್ಕೆ ಇರುವಂತೆ ಇಳಿಸಿ, ನಾಲ್ಕನೆಯ ಗೇರಿಗೆ ಹಾಕಿ, ಮಗಳೂ ಅಪ್ಪಯ್ಯನೂ ಕಾರನ್ನು ಗೇಣು ಗೇಣಾಗಿ ತಳ್ಳಿದಂತೆ ಹಲ್ಲುಗಳು ಕಿಂಡಿಯ ಮುಂದೆ ಒಂದೊಂದಾಗಿ ಬಂದವು. ಎಂಜಿನ್ ನಿಲ್ಲಿಸಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೊಂದು ಸಿಲಿಂಡರಿನ ಕಂಪ್ರೆಶನ್ ಎದುರಿಗೆ ಬಂದು ನಿಲ್ಲುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಹಾಗೆ ನಿಲ್ಲುವ ಜಾಗಗಳು ಮೂರು. ಸೆಲ್ಫಿನ ಹಲ್ಲು ಬಂದು ಬಡಿಯುವುದೂ ಅಲ್ಲೇ. ನಿಜಕ್ಕೂ ಮೂರು ಕಡೆ, ಸಮ ಅಂತರದಲ್ಲಿ, ಹಲ್ಲುಗಳ ಅಂಚು ಕೊಂಚ ಮುಕ್ಕಾಗಿತ್ತು, ನಡುವಿನವು ಹೊಸದರಂತಿದ್ದವು. ಮುಕ್ಕು ಅಂಚಿಗಷ್ಟೇ ಇದ್ದುದರಿಂದ ರಿಂಗ್ ಗೇರಿಗೆ ಕೈ ಹಾಕಲಿಲ್ಲ. ಅದನ್ನು ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು.

ಮತ್ತೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರ್‌ಬಾಕ್ಸಿನ ಮುಖವನ್ನು ಉಪ್ಪುಕಾಗದದಿಂದ ತಿಕ್ಕಿದೆ. ಸೆಲ್ಫಿಗೆ ಬೇರೆ ಅರ್ಥ್ ತಂತಿ ಇಲ್ಲ; ಹೋದ ಕರೆಂಟೆಲ್ಲ ಅದು ಕೂತ ಮುಖದ ಮೂಲಕವೇ ಮರಳಬೇಕು. ಬೋಲ್ಟುಗಳ ತಿರುಪಿನ ಗೀರುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಎರಡನ್ನೂ ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ಹಾಕಿ ಆಮೇಲೆ ಬಿಗಿ ಮಾಡಿದೆ. 30ರ ನಟ್ಟಿಗೆ ಬಲ ಬೇಡ. ತಾಮ್ರದ ಬೋಲ್ಟು ಬೇಕಲೈಟಿನಲ್ಲಿ ಕೂತಿರುತ್ತದೆ, ಅತಿಯಾಗಿ ಬಿಗಿದರೆ ಬೋಲ್ಟೇ ತಿರುಗಿ ಒಳಗಿನ ಬಿಲ್ಲೆಯ ಸ್ಥಾನ ಕೆಡುತ್ತದೆ. ರಬ್ಬರ್ ಟೋಪಿ ಮುಚ್ಚಿ, ಕೊನೆಯಲ್ಲಿ ಬ್ಯಾಟರಿಯ ಮೈನಸ್.

ಕೀಲಿಯನ್ನು ಅಪ್ಪಯ್ಯನ ಕೈಗೇ ಕೊಟ್ಟೆ. ಅವರು ಮೊದಲು ಬಲ್ಬು ನೋಡಿದರು, ಆಮೇಲೆ ತಿರುಗಿಸಿದರು. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಹಿಡಿದುಕೊಂಡಿತು. ನಿಲ್ಲಿಸಿ, ಫ್ಯೂಸ್ ಕಿತ್ತು, ಮತ್ತೆ ಅಳೆದೆ. ತಿರುಗುವಾಗ ಬ್ಯಾಟರಿ 10.6, ಪ್ಲಸ್ ಕಡೆ 0.21, ಅರ್ಥ್ ಕಡೆ 0.11. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ 14.2 ಬರುತ್ತಿದೆ. ಈ ಅಂಕಿಗಳನ್ನೆಲ್ಲ ಲೆಕ್ಕದ ಪುಸ್ತಕದ ಅದೇ ಹಾಳೆಯ ಕೆಳಗೆ ಬರೆದಿಟ್ಟಿದ್ದೇನೆ, ಮುಂದೆ ಯಾವಾಗಲಾದರೂ ಸಂಶಯ ಬಂದರೆ ಹೋಲಿಸಿ ನೋಡಲು.

ಹಳೆಯ ಸೆಲ್ಫ್ ಎಸೆದಿಲ್ಲ. ಕಾರ್ಬನ್ ಮತ್ತು ಬುಷ್ ತರಿಸಿದ್ದೇನೆ, ಅಡಿಕೆ ಕೊಯ್ಲು ಶುರುವಾಗುವ ಮೊದಲು ಅದನ್ನೂ ಎಬ್ಬಿಸುವ ಆಸೆ. ಬಲ್ಬಿನ ತಂತಿ ಬಿಚ್ಚಲು ಹೋದಾಗ ಅಪ್ಪಯ್ಯ ತಡೆದರು. "ಅದು ಇರಲಿ, ಉರಿಯುವುದನ್ನು ನೋಡಿದರೆ ಧೈರ್ಯ" ಎಂದರು. ತಂತಿಯನ್ನು ಕಿಟಕಿಯಿಂದ ತೆಗೆದು ಒಳಗಿನ ರಬ್ಬರ್ ತೂತಿನ ಮೂಲಕ ಸರಿಯಾಗಿ ಎಳೆದು ಕೊಟ್ಟೆ. ಪುಸ್ತಕದ ಹಾಳೆ ಈಗ ಮಗುಚಿ ಎರಡನೆಯದಕ್ಕೆ ಬಂದಿದೆ. ಆಗಸ್ಟ್ 5ರಿಂದ ಇಂದಿನವರೆಗೆ 58 ಸಾಲುಗಳು, ಎಲ್ಲದರಲ್ಲೂ 'ಆಯಿತು'.